ಹೆಚ್ಚಬೇಡಿ

ನಮ್ಮ ಮನೆಯಲ್ಲಿ ಯಾರೂ ಏನನ್ನೂ ಕೊಯ್ಯುತ್ತಿರಲಿಲ್ಲ. ತರಕಾರಿ ಹೆಚ್ಚುತ್ತಿದ್ದೆವು, ಹೂವು ಬಿಡಿಸುತ್ತಿದ್ದೆವು, ಉಗುರು ತೆಗೆಯುತ್ತಿದ್ದೆವು. ಕೊಯ್ಯುವುದು, ಕಡಿಯುವುದು, ಕತ್ತರಿಸುವುದು ಎಲ್ಲ ಹೊಸ್ತಿಲಿನ ಆಚೆಯ ಮಾತುಗಳು ಎಂಬುದು ಅಪ್ಪನ ತಾಯಿಯ, ಅಂದರೆ ನಮ್ಮ ಅಜ್ಜಿಯ ಕಾನೂನು. ಮೈಸೂರಿನಿಂದ ಘಾಟ್ಕೋಪರ್‌ನ ಬಾಡಿಗೆ ಫ್ಲ್ಯಾಟಿಗೆ ಬರುವಾಗ ಅವಳು ತನ್ನ ಈಳಿಗೆಮಣೆಯ ಜೊತೆಗೆ ಈ ಕಾನೂನನ್ನೂ ಕಟ್ಟಿಕೊಂಡು ಬಂದಿದ್ದಳು. ಪಾತ್ರೆ ತೊಳೆಯಲು ಬರುತ್ತಿದ್ದ ಮರಾಠಿ ಬಾಯಿ ಒಮ್ಮೆ ತನ್ನ ಬಳೆ ಒಡೆದಾಗ "ಬಾಂಗಡೀ ವಾಢಲೀ" ಎಂದಳು. ಬಳೆ ಬೆಳೆಯಿತು ಎಂದರ್ಥ. ಅಜ್ಜಿಗೆ ಎಷ್ಟು ಖುಷಿಯಾಯಿತೆಂದರೆ ಅವತ್ತು ಆ ಬಾಯಿಗೆ ಎರಡನೇ ಲೋಟ ಕಾಫಿ ಸಿಕ್ಕಿತು. "ನೋಡು, ಭಾಷೆ ಬೇರೆಯಾದರೂ ಮನೆತನಸ್ಥೆ" ಎಂದು ನನಗೆ ಚುಚ್ಚಿದಳು. ನಾನು ಅದಾಗಲೇ ಮನೆಯೊಳಗೆ ಬೇಕೆಂದೇ "ಕೊಯ್ಯಿ" ಎನ್ನುವ ಹುಡುಗಿಯಾಗಿದ್ದೆ. ಅಂದಾಗಲೆಲ್ಲ ತಲೆಯ ಮೇಲೆ ಒಂದು ಮೊಟಕು ಬೀಳುತ್ತಿತ್ತು.

ಈಗ ನಾನು ಸರ್ಜನ್. ದಿನಾ ಕೊಯ್ಯುತ್ತೇನೆ, ಆ ಮಾತನ್ನೇ ಬಳಸುತ್ತೇನೆ. ಸನ್ಮಾನದ ಹಾರ ಹಾಕಿದವರು ಮೈಕ್ ಮುಂದೆ ಹಿಡಿದು "ಮೇಡಂ, ನಿಮಗೆ ಸ್ಫೂರ್ತಿ ಯಾರು" ಎಂದು ಕೇಳುತ್ತಾರೆ. ತಾಯಿಯ ತ್ಯಾಗ, ಗುರುಗಳ ಆಶೀರ್ವಾದ ಎಂದೇನಾದರೂ ಹೇಳಲಿ ಎಂದು ಕಾಯುತ್ತಾರೆ. ಒಬ್ಬ ಮಟನ್ ಅಂಗಡಿಯವನು, ಮುನ್ನೂರು ವರ್ಷದ ಹಿಂದೆ ಸತ್ತ ಒಬ್ಬ ಇಂಗ್ಲಿಷ್ ಸರ್ಜನ್ ಮತ್ತು ಘಾಟ್ಕೋಪರ್‌ನ ಒಂದು ಕಾಗೆ ಎಂದು ನಾನು ಹೇಳಿದರೆ ನಕ್ಕು ಮುಂದಿನ ಪ್ರಶ್ನೆಗೆ ಹೋಗುತ್ತಾರೆ, ಯಾರೂ ಬರೆದುಕೊಳ್ಳುವುದಿಲ್ಲ. ಅದಕ್ಕೇ ನಾನೇ ಬರೆಯುತ್ತಿದ್ದೇನೆ. ಈ ಅಧ್ಯಾಯದಲ್ಲಿ ನಾನು ಯಾರಲ್ಲೂ ಕ್ಷಮೆ ಕೇಳುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಆ ಫ್ಲ್ಯಾಟಿನಲ್ಲಿ ಒಂದು ಹಾಲ್, ಒಂದು ಕೋಣೆ, ಅಡಿಗೆಮನೆ ಮತ್ತು ಅಡಿಗೆಮನೆಯ ಹಿಂದೆ ಬಟ್ಟೆ ಒಗೆಯುವ ಕಲ್ಲಿದ್ದ ಕಿರಿದಾದ ಬಾಲ್ಕನಿ. ಬಾಲ್ಕನಿಗೆ ಕಬ್ಬಿಣದ ಗ್ರಿಲ್ಲು. ಅದರಾಚೆ ಸೆಂಟ್ರಲ್ ಲೈನಿನ ಲೋಕಲ್‌ಗಳು ಓಡುತ್ತಿದ್ದವು. ಈಗ ಅದೇ ಊರಿನ ತಲೆಯ ಮೇಲೆ ಮೆಟ್ರೋ ಹೋಗುತ್ತದೆ. ಒಳಗೆ ಕೂತವರಿಗೆ ಕೆಳಗಿನ ಬಾಲ್ಕನಿಗಳಲ್ಲಿ ಒಣಗುವ ಬಟ್ಟೆ ಮಾತ್ರ ಕಾಣುತ್ತದೆ. ನಮ್ಮ ಬಾಲ್ಕನಿಯ ಮೇಲ್ಗಡೆ ಬಿದಿರಿನ ಗಳುವಿನಲ್ಲಿ ಅಜ್ಜಿಯ ಮಡಿಸೀರೆ ಒಣಗುತ್ತಿತ್ತು. ಅದನ್ನು ಅವಳು ಕೋಲಿನಿಂದ ಏರಿಸಿ ಕೋಲಿನಿಂದಲೇ ಇಳಿಸುತ್ತಿದ್ದಳು. ಅದನ್ನು ಉಟ್ಟು ಅಡಿಗೆಮನೆಗೆ ಹೊಕ್ಕರೆ, ಊಟವಾಗುವ ತನಕ ನಾವ್ಯಾರೂ ಅವಳನ್ನು ಮುಟ್ಟುವಂತಿಲ್ಲ, ಒಳಗೆ ಕಾಲಿಡುವಂತಿಲ್ಲ. ನೀರು ಬೇಕಾದರೂ ಬಾಗಿಲಲ್ಲಿ ನಿಂತು ಕೇಳಬೇಕು. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸದವಳು. ಬೆಳಿಗ್ಗೆ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ನೇತಾಡಿಕೊಂಡು ಹೋಗಿ ಸಂಜೆ ಅದೇ ರೀತಿ ಬರುತ್ತಿದ್ದಳು. ಅಡಿಗೆಮನೆ ಅಜ್ಜಿಯದು, ಹೊರಗಿನ ಜಗತ್ತು ಅಮ್ಮನದು ಎಂದು ಅವರಿಬ್ಬರ ನಡುವೆ ಯಾವಾಗಲೋ ಒಪ್ಪಂದವಾಗಿತ್ತು. ಒಬ್ಬರ ಗಡಿಯನ್ನು ಇನ್ನೊಬ್ಬರು ದಾಟುತ್ತಿರಲಿಲ್ಲ, ಮಾತೂ ಅಷ್ಟಾಗಿ ಆಡುತ್ತಿರಲಿಲ್ಲ.

ಕುಂಬಳಕಾಯಿ ಬಂದ ದಿನ ಮಾತ್ರ ಮನೆಯಲ್ಲಿ ಗಂಡಸು ಬೇಕಾಗುತ್ತಿತ್ತು. ಇಡೀ ಕುಂಬಳಕಾಯಿಯನ್ನು ಹೆಂಗಸರು ಮೊದಲು ಹೆಚ್ಚಬಾರದು, ಗಂಡಸು ಒಂದು ಏಟು ಹಾಕಿ ಎರಡು ಹೋಳು ಮಾಡಿಕೊಡಬೇಕು, ಆಮೇಲೆ ಹೆಂಗಸರದು. ನಮ್ಮ ಅಪ್ಪನಿಗೆ ಗಡ್ಡ ಮಾಡುವಾಗ ರಕ್ತ ಕಂಡರೆ ಕೂತುಬಿಡುವ ಸ್ವಭಾವ. ಆದರೂ ದಾದರ್‌ನ ಆಫೀಸಿನಿಂದ ಅವನು ಬರುವವರೆಗೆ ಕುಂಬಳಕಾಯಿ ಅಡಿಗೆಮನೆಯ ಮೂಲೆಯಲ್ಲಿ ಕಾಯುತ್ತಿತ್ತು. ಅವನು ಶರ್ಟಿನ ತೋಳು ಮಡಚಿ, ಕತ್ತಿಯನ್ನು ದೂರದಿಂದ ಹಿಡಿದು, ಮುಖವನ್ನು ಗೋಡೆಯ ಕಡೆ ತಿರುಗಿಸಿ ಏಟು ಹಾಕುತ್ತಿದ್ದ. ಒಂದು ಸಲ ಏಟು ತಪ್ಪಿ ಮೊಸರಿನ ಗಡಿಗೆಗೆ ಬಿತ್ತು. ನಾನು ಮಾಡುತ್ತೇನೆ ಎಂದು ಎಷ್ಟು ಸಲ ಕೇಳಿದ್ದೇನೋ. ಅಜ್ಜಿ ಕತ್ತಿಯನ್ನು ನನ್ನ ಕೈಗೆಟುಕದ ಕಡೆ ಸರಿಸುತ್ತಿದ್ದಳು.

ಇಂಥ ಅಪ್ಪನೇ ಆ ಇಂಗ್ಲಿಷ್ ಸರ್ಜನ್‌ನನ್ನು ಮನೆಗೆ ಕರೆತಂದದ್ದು. ಆಫೀಸಿನ ಲೈಬ್ರರಿಯಿಂದ ಹಳೆಯ ವೈದ್ಯರ ಜೀವನಚರಿತ್ರೆಗಳ ಒಂದು ದಪ್ಪ ಪುಸ್ತಕ ತಂದು ಲೋಕಲ್‌ನಲ್ಲಿ ಓದಿಕೊಂಡು ಬಂದು, ಊಟದ ಹೊತ್ತಿಗೆ ನಮಗೆ ಹೇಳುತ್ತಿದ್ದ. ರಕ್ತ ನೋಡಲಾರದವನಿಗೆ ರಕ್ತದ ಕಥೆ ಬಲು ಇಷ್ಟ. ಆ ಸರ್ಜನ್ ಲಂಡನ್ನಿನವನು, ಮನೆಯಲ್ಲೇ ಪ್ರಾಣಿಗಳನ್ನು ಕೊಯ್ದು ಒಳಗೇನಿದೆ ಎಂದು ನೋಡುತ್ತಿದ್ದವನು. ಮನುಷ್ಯನ ಮಿದುಳನ್ನೂ ನೋಡಿದ, ಇರುವೆಗಳು ಮೊಟ್ಟೆ ಹೊತ್ತು ಓಡುವುದನ್ನೂ ಗಂಟೆಗಟ್ಟಲೆ ಕೂತು ನೋಡಿದ. ಇನ್ನೊಬ್ಬ ವೈದ್ಯನ ಜೊತೆ ಸೇರಿ ಕುರಿಯ ರಕ್ತವನ್ನು ಕೊಳವೆಯಲ್ಲಿ ಹಾಯಿಸಿ ಒಬ್ಬ ಮನುಷ್ಯನ ಮೈಗೆ ತುಂಬಿದ. ಅದನ್ನು ಹೇಳುವಾಗ ಅಪ್ಪ ಸಾರಿನಿಂದ ಒಂದು ನುಗ್ಗೆಕಾಯಿ ಎತ್ತಿ, ಇದೇ ಕೊಳವೆ ಎಂದುಕೊಳ್ಳಿ ಎಂದು ತಟ್ಟೆಯಿಂದ ತಟ್ಟೆಗೆ ಸೇತುವೆ ಮಾಡಿ ತೋರಿಸಿದ. ಅಜ್ಜಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಆ ಮನುಷ್ಯ ಸತ್ನೇನೋ?"

"ಇಲ್ಲ ಕಣಮ್ಮ, ಬದುಕ್ದ. ಎದ್ದು ನಿಂತು ಎಲ್ಲರ ಮುಂದೆ ಭಾಷಣ ಬೇರೆ ಮಾಡಿದ್ನಂತೆ."

"ಆಮೇಲೆ ಅನ್ನ ತಿಂದ್ನೋ, ಸೊಪ್ಪು ಮೇಯ್ದ್ನೋ?"

ಅಪ್ಪ ನಕ್ಕು ನಕ್ಕು ಕೆಮ್ಮಿದ. ಅಜ್ಜಿ ತಮಾಷೆ ಮಾಡಿರಲಿಲ್ಲ, ನಿಜವಾಗಿಯೂ ಅವಳಿಗೆ ತಿಳಿಯಬೇಕಿತ್ತು. ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ದೊರೆಯ ಕಥೆ. ಒಂದು ಬೆಳಿಗ್ಗೆ ಇಂಗ್ಲೆಂಡಿನ ದೊರೆ ಮೂರ್ಛೆ ಬಂದು ಬಿದ್ದ. ಆಸ್ಥಾನದವರ ಒಪ್ಪಿಗೆಯಿಲ್ಲದೆ ದೊರೆಯ ಮೈಗೆ ಆಯುಧ ತಾಗಿಸಿದರೆ ತಲೆದಂಡ. ಒಪ್ಪಿಗೆ ಕೊಡುವವರು ಇನ್ನೂ ಬಂದಿಲ್ಲ, ನಿಂತವರೆಲ್ಲ ಬಾಯಿ ಬಾಯಿ ಬಿಡುತ್ತಿದ್ದಾರೆ. ನಮ್ಮವನು ಜೇಬಿನಿಂದ ಸಣ್ಣ ಚಾಕು ತೆಗೆದು ದೊರೆಯ ನರ ಕೊಯ್ದು ರಕ್ತ ಬಿಟ್ಟ. ದೊರೆ ಕಣ್ಣು ತೆರೆದ. ಕೆಲವೇ ದಿನಕ್ಕೆ ಸತ್ತ ಎನ್ನುವುದು ಬೇರೆ ಮಾತು. ರಕ್ತ ಬಿಡುವುದು ಆ ಕಾಲದ ಮದ್ದು, ಈಗ ಹಾಗೆ ಮಾಡಿದವನನ್ನು ನಾನೇ ವಾರ್ಡಿನಿಂದ ಆಚೆ ಹಾಕುತ್ತೇನೆ. ಆದರೆ ಎಲ್ಲರೂ ಕೈಕಟ್ಟಿ ನಿಂತಾಗ ಕೈ ಮುಂದೆ ಮಾಡಿದವನು ಅವನೊಬ್ಬ. ನಮ್ಮ ಮನೆಯಲ್ಲಿ ಅವನಿಗೆ 'ಚಾಕುವಿನವನು' ಎಂದೇ ಹೆಸರಾಯಿತು. ಅವನು ಏನು ಮಾಡಿದನೋ ಅದನ್ನು ಮಾಡಬೇಕು ಎಂದು ನಾನು ಆವತ್ತೇ ನಿಶ್ಚಯಿಸಿದೆ. ನನಗೆ ಹನ್ನೆರಡು ತುಂಬಿರಲಿಲ್ಲ.

ಸ್ಕೂಲಿನ ಪುಸ್ತಕದಲ್ಲಿ ಹೃದಯದ ಚಿತ್ರವಿತ್ತು, ಅರ್ಧ ಕೆಂಪು, ಅರ್ಧ ನೀಲಿ. ಒಳಗೆ ಬಾಗಿಲುಗಳಿವೆ, ರಕ್ತ ಒಂದೇ ಕಡೆಗೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ ಎಂದು ಬರೆದಿತ್ತು. ಬಾಗಿಲು ಅಂದರೆ ಎಂಥ ಬಾಗಿಲು, ಅದನ್ನು ಹಿಂದಕ್ಕೆ ತೆರೆಯದಂತೆ ಹಿಡಿದಿರುವುದು ಯಾವುದು ಎಂದು ಕೇಳಿದ್ದಕ್ಕೆ ಟೀಚರು ಪರೀಕ್ಷೆಗೆ ಅದೆಲ್ಲ ಬರುವುದಿಲ್ಲ ಎಂದರು. ಒಂದು ಹೃದಯ ತಂದು, ಒಂದು ಕೊಳವೆಯಿಂದ ನೀರು ಹೊಯ್ದು, ಯಾವ ಕಡೆಯಿಂದ ಬರುತ್ತದೆ, ಯಾವ ಕಡೆಯಿಂದ ಬರುವುದಿಲ್ಲ ಎಂದು ನೋಡಿದರೆ ಆಯಿತಲ್ಲ ಎಂದು ನನಗೆ ಹೊಳೆಯಿತು. ಅದಕ್ಕೆ ಹೃದಯ ಇಡಿಯಾಗಿರಬೇಕು. ತೂತಾದ ಚೆಂಬಿನಲ್ಲಿ ನೀರು ನಿಲ್ಲುತ್ತದೆಯೇ?

ಸ್ಟೇಶನ್ನಿಗೆ ಹೋಗುವ ಗಲ್ಲಿಯಲ್ಲಿ ಖಾಜಾ ಚಾಚಾನ ಮಟನ್ ಅಂಗಡಿಯಿತ್ತು. ವಿಜಾಪುರದ ಕಡೆಯವನು. ಮನೆಯಲ್ಲಿ ದಖ್ಖನಿ, ಗಿರಾಕಿಗಳ ಜೊತೆ ಹಿಂದಿ, ನಮ್ಮ ಅಜ್ಜಿಯ ಜೊತೆ ಕನ್ನಡ. ಅಜ್ಜಿ ಆ ಅಂಗಡಿ ಬಂದಾಗ ಸೆರಗನ್ನು ಮೂಗಿಗೆ ಹಿಡಿದು ಗಟಾರದಾಚೆಯ ಬದಿಗೆ ದಾಟುತ್ತಿದ್ದಳು, ಆದರೆ ಅಲ್ಲೇ ನಿಂತು, ಸೆರಗಿನೊಳಗಿಂದಲೇ ಅವನ ಜೊತೆ ಮಾತಾಡುತ್ತಿದ್ದಳು. ಆ ಗಲ್ಲಿಯಲ್ಲಿ ಕನ್ನಡ ಸಿಗುತ್ತಿದ್ದುದು ಅಲ್ಲೊಂದೇ ಕಡೆ. ಇವಳು ಮಳೆ ಎಂದರೆ ಅವನು ಬಿಸಿಲು, ಅವನು ಹೆಂಡತಿಯ ಮಂಡಿನೋವು ಎಂದರೆ ಇವಳು ಎಳ್ಳೆಣ್ಣೆ. ನಡುವೆ ಗಟಾರ ಹರಿಯುತ್ತಿತ್ತು, ಇಬ್ಬರೂ ಅದಕ್ಕೆ ಗಮನ ಕೊಡುತ್ತಿರಲಿಲ್ಲ.

ಒಂದು ಶನಿವಾರ ಸ್ಕೂಲು ಮುಗಿಸಿ ನಾನೊಬ್ಬಳೇ ಗಟಾರ ದಾಟಿ ಅವನ ಅಂಗಡಿಯ ಮುಂದೆ ನಿಂತೆ.

"ಏನವ್ವಾ ಸಣ್ಣಾಕಿ, ಅಜ್ಜಿ ಎಲ್ಲಿ?"

"ಅಜ್ಜಿ ಬಂದಿಲ್ಲ. ನಂಗೊಂದು ಕುರಿ ಹೃದಯ ಬೇಕು. ಸ್ಕೂಲಿಗೆ."

"ಗುಂಡಗಿ ಏನು?" ಅವನು ಒಂದು ಗಳಿಗೆ ನನ್ನನ್ನೇ ನೋಡಿದ. "ಸಾಲಿಗೆ ಅಂದ್ರ ಆತು ಬಿಡು. ತಾಜಾ ಐತಿ."

ಹಲಗೆಯ ಮೇಲೆ ಅದನ್ನು ಇಟ್ಟು ದೊಡ್ಡ ಕತ್ತಿ ಎತ್ತಿಕೊಂಡ. ನನಗೆ ಗಾಬರಿಯಾಯಿತು.

"ಹೆಚ್ಚಬೇಡಿ ಚಾಚಾ, ಹೆಚ್ಚಬೇಡಿ."

ಅವನು ತಲೆಯಾಡಿಸಿ ಒಂದೇ ಏಟಿಗೆ ಎರಡು ಹೋಳು ಮಾಡಿದ. ಒಂದು ಹೋಳನ್ನು ಬದಿಗೆ ಸರಿಸಿ ಇನ್ನೊಂದನ್ನು ಕಾಗದಕ್ಕೆ ಹಾಕಿದ. ನಾನು ಅಲ್ಲೇ ಬೋರೆಂದು ಅತ್ತೆ.

"ಯಾಕವ್ವಾ, ಏನಾತು? ನೀನs ಅಂದಿ ಅಲ್ಲ, ಹೆಚ್ಚ ಬ್ಯಾಡ ಅಂತ. ಅದಕ್ಕ ಅರ್ಧಾ ಮಾಡೀನಿ."

ನಮ್ಮ ಮನೆಯಲ್ಲಿ ಹೆಚ್ಚುವುದು ಎಂದರೆ ಈಳಿಗೆಮಣೆಯ ಕೆಲಸ. ಅವನಿಗೆ ಕತ್ತಿಯ ಕೆಲಸ ಏನಿದ್ದರೂ ಕೊಯ್ಯುವುದು, ಕಡಿಯುವುದು. ಹೆಚ್ಚು ಎಂದರೆ ಜಾಸ್ತಿ. ಜಾಸ್ತಿ ಬೇಡ ಎನ್ನುತ್ತಾಳೆ ಹುಡುಗಿ, ಪಾಪ, ಅರ್ಧ ಸಾಕು. "ಕೊಯ್ಯಬೇಡಿ" ಎಂದಿದ್ದರೆ ಇಡೀ ಹೃದಯ ಸಿಗುತ್ತಿತ್ತು. ಮನೆಯಲ್ಲಿ ಬೇಕುಬೇಕೆಂದು ಆ ಮಾತನ್ನು ಆಡಿ ಮೊಟಕು ತಿನ್ನುತ್ತಿದ್ದವಳಿಗೆ, ನಿಜವಾಗಿ ಬೇಕಾದ ಒಂದೇ ಒಂದು ಸಲ, ಗಾಬರಿಯಲ್ಲಿ ಅಜ್ಜಿಯ ಮಾತು ಬಾಯಿಗೆ ಬಂದಿತ್ತು. ನಾನು ಬಿಕ್ಕುತ್ತಾ ವಿವರಿಸಿದಾಗ ಖಾಜಾ ಚಾಚಾ ಹಣೆ ಹಣೆ ಬಡಿದುಕೊಂಡು ನಕ್ಕ. ಬದಿಗಿಟ್ಟ ಹೋಳನ್ನೂ ಕಾಗದಕ್ಕೆ ಹಾಕಿ, "ಎರಡೂ ಒಯ್ಯಿ. ಅಜ್ಜಿ ಮುಂದ ನನ್ನ ಹೆಸರು ಹೇಳಬ್ಯಾಡ, ಮಾತಾಡೂದು ಬಿಟ್ಟಾಳು" ಎಂದ.

ಮನೆಗೆ ಬಂದಾಗ ಅಜ್ಜಿ ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ಹಿಂದಿನ ಬಾಲ್ಕನಿಯ ಒಗೆಯುವ ಕಲ್ಲಿನ ಮೇಲೆ ಹೋಳುಗಳನ್ನು ಇಟ್ಟು ತೊಳೆದೆ. ನೀರು ಹೊಯ್ದು ನೋಡುವ ನನ್ನ ಪ್ರಯೋಗ ಹಾಳಾಗಿತ್ತು. ಆದರೆ ಏಟು ಎಲ್ಲಿ ಬಿದ್ದಿತ್ತೋ ಅಲ್ಲಿ ಬಾಗಿಲೇ ತೆರೆದುಕೊಂಡಿತ್ತು. ತೆಳ್ಳಗಿನ ಬಿಳಿಯ ಪರದೆಗಳು, ಅವುಗಳ ಅಂಚಿನಿಂದ ಕೆಳಗಿನ ಮಾಂಸಕ್ಕೆ ಬಿಗಿದ ದಾರಗಳು, ಅಜ್ಜಿ ಮಲ್ಲಿಗೆ ಕಟ್ಟುವ ಬಾಳೆನಾರಿನಷ್ಟೇ ಸಪೂರ. ಬೆರಳಿನಿಂದ ಪರದೆಯನ್ನು ಮೇಲಕ್ಕೆ ತಳ್ಳಿದೆ. ದಾರ ಬಿಗಿಯಾಗಿ ಅದನ್ನು ತಡೆಯಿತು. ಮತ್ತೆ ತಳ್ಳಿದೆ, ಮತ್ತೆ ತಡೆಯಿತು. ಟೀಚರು ಪರೀಕ್ಷೆಗೆ ಬರುವುದಿಲ್ಲ ಎಂದಿದ್ದ ವಿಷಯ ನನ್ನ ಬೆರಳ ತುದಿಯಲ್ಲಿತ್ತು. ಹೃದಯ ಇಡಿಯಾಗಿ ಸಿಕ್ಕಿದ್ದರೆ ನೀರು ಹೊಯ್ದು, ಬಂತು, ಬರಲಿಲ್ಲ ಎಂದು ನೋಡಿ ಸುಮ್ಮನಾಗುತ್ತಿದ್ದೆ, ದಾರಗಳನ್ನು ಕಾಣುತ್ತಲೇ ಇರಲಿಲ್ಲ. ಆಮೇಲೆ ಎಷ್ಟೋ ಎದೆಗಳನ್ನು ತೆರೆದಿದ್ದೇನೆ, ಆ ಮಧ್ಯಾಹ್ನದ ಸಂತೋಷ ಅಷ್ಟು ಪೂರ್ತಿಯಾಗಿ ಮತ್ತೆ ಸಿಕ್ಕಿಲ್ಲ.

ಅಪ್ಪನ ಶೇವಿಂಗ್ ಬ್ಲೇಡು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಒಂದು ಕಾಗೆ ಗ್ರಿಲ್ಲಿನೊಳಗೆ ತಲೆ ತೂರಿಸಿ ಚಿಕ್ಕ ಹೋಳನ್ನು ಎತ್ತಿಕೊಂಡು ಹಾರಿತು. ದಾರಗಳಿದ್ದುದು ಆ ಹೋಳಿನಲ್ಲೇ. ಮೇಲಕ್ಕೆ ಹೋದದ್ದು ಕಂಡಿತು. ನಾನು ಬ್ಲೇಡು ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಟೆರೇಸಿಗೆ ಓಡಿದೆ. ಅಲ್ಲಿ ಬಿಲ್ಡಿಂಗಿನ ಹೆಂಗಸರು ಬಿಳಿ ಚಾದರ ಹಾಸಿ ಹಪ್ಪಳ ಒಣಗಿಸುತ್ತಿದ್ದರು. ಚಾದರದ ನಡುವೆ ನನ್ನ ಹೋಳು ಬಿದ್ದಿತ್ತು. ಸುತ್ತ ಎಲ್ಲರೂ ಕೈ ಬಾಯಿಗೆ ಹಿಡಿದು ನಿಂತಿದ್ದರು. ಬಿಲ್ಡಿಂಗಿನ ಸೊಸೈಟಿ, ಅಂದರೆ ನಿವಾಸಿಗಳ ಸಂಘ, ಶುದ್ಧ ಸಸ್ಯಾಹಾರಿಗಳದು. ಮೊಟ್ಟೆ ತಂದವರನ್ನೂ ಒಕ್ಕಲೆಬ್ಬಿಸಿದ ಖ್ಯಾತಿ ಅದಕ್ಕಿತ್ತು. ಸುಮ್ಮನೆ ಕೆಳಗಿಳಿದು ಬಂದಿದ್ದರೆ ಅದು ಎಲ್ಲಿಂದಲೋ ಬಂದ ಕಾಗೆಯ ಕೆಲಸ ಎಂದು ಮುಗಿಯುತ್ತಿತ್ತು. ಆದರೆ ನನಗೆ ಅದು ಬೇಕಿತ್ತು.

"ವೋ ಮೇರಾ ಹೈ" ಎಂದೆ. "ದೇ ದೋ."

ಯಾರೂ ಕೊಡಲಿಲ್ಲ. ನಾನೇ ಚಾದರದ ಮೇಲೆ ಕಾಲಿಟ್ಟು ಹೋಗಿ ತಂದೆ. ಕೆಲವು ಹಪ್ಪಳ ಮುರಿದವು.

ಗದ್ದಲಕ್ಕೆ ಅಜ್ಜಿ ಎದ್ದಿದ್ದಳು. ಕಲ್ಲಿನ ಮೇಲಿದ್ದುದನ್ನು ನೋಡಿದಳು, ನನ್ನ ಕೈಯಲ್ಲಿದ್ದುದನ್ನು ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು, ಗೋಡೆ ಹಿಡಿದು ನಿಂತಳು. ಇದನ್ನು ನಾನು ಸಿಹಿಮಾಡಿ ಬರೆಯುವುದಿಲ್ಲ. ಅವಳಿಗೆ ನಿಜವಾಗಿ ಅಸಹ್ಯವಾಗಿತ್ತು, ದುಃಖವೂ ಆಗಿತ್ತು. ಎರಡನ್ನೂ ನನ್ನಿಂದಲೇ ಕಾಗದದಲ್ಲಿ ಸುತ್ತಿಸಿ ಕೆಳಗಿನ ಕಸದ ತೊಟ್ಟಿಗೆ ಹಾಕಿಸಿದಳು, ಕಲ್ಲನ್ನು ಬೂದಿ ಹಾಕಿ ಉಜ್ಜಿ ಉಜ್ಜಿ ತೊಳೆದಳು, ನನ್ನ ತಲೆಯ ಮೇಲೆ ಬಕೆಟ್ಟುಗಟ್ಟಲೆ ತಣ್ಣೀರು ಸುರಿದಳು. ಬೈಯಲಿಲ್ಲ.

ಮಾರನೆಯ ದಿನ ಭಾನುವಾರ. ಬೆಳಿಗ್ಗೆಯೇ ಸೊಸೈಟಿಯ ಸೆಕ್ರೆಟರಿ ಅಂಕಲ್ ಇನ್ನಿಬ್ಬರನ್ನು ಕರೆದುಕೊಂಡು ಬಂದರು. ಒಳ್ಳೆಯ ಬಟ್ಟೆ, ತಣ್ಣನೆಯ ದನಿ. ನೀವು ಮನೆಯಲ್ಲಿ ನಾನ್‌ವೆಜ್ ಬೇಯಿಸುತ್ತೀರಿ ಎಂದು ಕಂಪ್ಲೇಂಟ್ ಬಂದಿದೆ, ಅಡಿಗೆಮನೆ ಮತ್ತು ಫ್ರಿಜ್ ನೋಡಬೇಕು ಎಂದರು. ಅಪ್ಪ ಹಿಂದಿ, ಇಂಗ್ಲಿಷ್ ಎರಡರಲ್ಲೂ ತೊದಲಿದ. "ನಹೀ ನಹೀ ಸರ್, ಪ್ಯೂರ್ ವೆಜಿಟೇರಿಯನ್, ಪ್ಲೀಸ್ ಚೆಕ್ ಕೀಜಿಯೇ, ಆಯಿಯೇ ಆಯಿಯೇ" ಎಂದು ದಾರಿ ಬಿಟ್ಟು ಬದಿಗೆ ಸರಿದ. ಅಪ್ಪ ಹಾಗೆ ಬಾಗಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನಗೆ ಅವರ ಮೇಲೆ ಬಂದದ್ದಕ್ಕಿಂತ ಅಪ್ಪನ ಮೇಲೆ ಹೆಚ್ಚು ಸಿಟ್ಟು ಬಂತು.

ಅವರು ಅಡಿಗೆಮನೆಯ ಬಾಗಿಲಿಗೆ ಬಂದಾಗ ಅಲ್ಲಿ ಮಡಿಸೀರೆಯುಟ್ಟ ಅಜ್ಜಿ ಹೊಸ್ತಿಲ ಮೇಲೆ ನಿಂತಿದ್ದಳು. ಎರಡೂ ಕೈ ಬಾಗಿಲ ಚೌಕಟ್ಟಿಗೆ. ಅವಳಿಗೆ ಬರುತ್ತಿದ್ದ ಹಿಂದಿಯೆಲ್ಲ ಸೊಪ್ಪಿನವನ ಜೊತೆ ಚೌಕಾಸಿ ಮಾಡಿ ಕಲಿತದ್ದು.

"ಅಂದರ್ ನಹೀ. ಹಮ್ ಮಡಿ ಮೇ ಹೈ."

"ಮಾತಾಜೀ, ಸಿರ್ಫ್ ದೇಖನಾ ಹೈ."

"ನಹೀ ಬೋಲಾ ನಾ. ಆಪ್ ಛೂಯೇಗಾ, ಸಬ್ ಗಂದಾ ಹೋ ಜಾಯೇಗಾ."

ಬೇರೆಯವರ ಅಡಿಗೆಮನೆಯ ಶುದ್ಧಿ ಪರೀಕ್ಷಿಸಲು ಬಂದವರಿಗೆ, ನೀವು ಮುಟ್ಟಿದರೆ ನಮ್ಮದು ಕೊಳಕಾಗುತ್ತದೆ ಎಂದು ಯಾರೂ ಹೇಳಿರಲಿಕ್ಕಿಲ್ಲ. ಸೆಕ್ರೆಟರಿ ಅಂಕಲ್ ಅಪ್ಪನ ಕಡೆ ತಿರುಗಿದರು. ಅಪ್ಪ "ಅಮ್ಮಾ, ಒಂದು ನಿಮಿಷ ಬಿಡಮ್ಮ" ಎಂದು ಬೇಡಿಕೊಂಡ. "ನನ್ನ ಮಡಿಯಲ್ಲಿ ನೀನೇ ಒಳಗೆ ಬಂದಿಲ್ಲ, ಇವರನ್ನ ಬಿಡ್ತೀನೇನೋ" ಎಂದು ಅಜ್ಜಿ ಕನ್ನಡದಲ್ಲಿ ಗದರಿದಳು. ಆ ಮಡಿಯ ವಿರುದ್ಧ ನಾನು ಆಮೇಲೆ ಎಷ್ಟು ಜಗಳ ಆಡಿದ್ದೇನೆ, ಈಗಲೂ ಆಡುತ್ತೇನೆ. ಅವತ್ತು ಮಾತ್ರ ಅದು ನಮ್ಮ ಮನೆಗೆ ಬಾಗಿಲಾಗಿತ್ತು. ಅವರು ಹಿಂದೆ ಸರಿದರು. ಹೋಗುವಾಗ ಸಂಜೆ ಸೊಸೈಟಿಯ ಮೀಟಿಂಗ್ ಇದೆ, ಹುಡುಗಿ ಬಂದು ಎಲ್ಲರ ಮುಂದೆ ಕ್ಷಮೆ ಕೇಳಿ ಇನ್ನು ಇಂಥದ್ದು ಮಾಡುವುದಿಲ್ಲ ಎನ್ನಲಿ, ಇಲ್ಲದಿದ್ದರೆ ನಿಮ್ಮ ಕರಾರು ಮುಂದುವರಿಸಬೇಡಿ ಎಂದು ಫ್ಲ್ಯಾಟಿನ ಮಾಲೀಕರಿಗೆ ಹೇಳುತ್ತೇವೆ ಎಂದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಅನ್ನ ಕಲಸಿಯೇ ಕಲಸಿದ, ಬಾಯಿಗಿಡಲಿಲ್ಲ.

"ವಸೂ, ಎರಡು ಮಾತು ಕಣೇ. ಸಾರಿ, ಇನ್ನು ಮಾಡಲ್ಲ. ಅಷ್ಟೇ. ಮನೆ ಉಳಿಯುತ್ತೆ."

"ಮಾಡ್ತೀನಲ್ಲ. ಮಾಡಲ್ಲ ಅಂತ ಹ್ಯಾಗೆ ಹೇಳಲಿ?"

"ಏನು ಮಾಡ್ತೀಯಾ?"

"ಇನ್ನೂ ಕೊಯ್ದು ನೋಡ್ತೀನಿ. ನಂಗೆ ಅದೇ ಬೇಕು. ಚಾಕುವಿನವನ ಕಥೆ ಹೇಳಿದ್ದು ನೀನೇ ಅಲ್ವಾ ಅಪ್ಪ?"

"ಅದು ಕಥೆ ಕಣೇ. ಇದು ಮನೆ."

ಅಪ್ಪನ ಆ ಮಾತನ್ನು ನಾನು ಬಹಳ ಕಾಲ ಕ್ಷಮಿಸಲಿಲ್ಲ. ಈಗ ಬಾಡಿಗೆ, ಡೆಪಾಸಿಟ್ಟು, ವಯಸ್ಸಾದ ತಾಯಿ ಎಲ್ಲ ಅರ್ಥವಾಗುತ್ತದೆ. ಅರ್ಥವಾದದ್ದು ಬೇರೆ, ಒಪ್ಪಿದ್ದು ಬೇರೆ. ಅಮ್ಮ ಲೋಟ ಕೆಳಗಿಟ್ಟಳು.

"ಇವತ್ತು ಇವಳು ನೋಡಿದ್ದಕ್ಕೆ ಸಾರಿ ಕೇಳ್ಲಿ. ನಾಳೆ ಕಾಲೇಜಿಗೆ ಹೋಗಿದ್ದಕ್ಕೆ, ನಾಡಿದ್ದು ಕೆಲಸಕ್ಕೆ ಹೋಗಿದ್ದಕ್ಕೆ. ಎಲ್ಲಿಗೆ ನಿಲ್ಸೋದು ಅಂತ ನೀವೇ ಹೇಳಿ."

ಅಪ್ಪ ಅಜ್ಜಿಯ ಕಡೆ ನೋಡಿದ. ಅವಳಾದರೂ ನನ್ನನ್ನು ಒಪ್ಪಿಸುತ್ತಾಳೆ ಎಂದು ಅವನಿಗೆ ಭರವಸೆಯಿತ್ತು. ಅಜ್ಜಿ ಬಾಗಿಲಲ್ಲಿ ನಿಂತು ಹುಳಿಯ ಸೌಟನ್ನು ಹಿಡಿದೇ ಕೇಳಿದಳು:

"ಆ ಚಾಕುವಿನವನು ಆಮೇಲೆ ಆಸ್ಥಾನದವರ ಮುಂದೆ ತಪ್ಪಾಯ್ತು ಅಂದ್ನೇನೋ?"

"ಇಲ್ಲಮ್ಮ. ಹಾಗೆ ಬರೆದಿಲ್ಲ."

"ಮತ್ತೆ?" ಎಂದು ಅಪ್ಪನ ತಟ್ಟೆಗೆ ಹುಳಿ ಬಡಿಸಿದಳು. ನನ್ನ ಕಡೆ ತಿರುಗಿ, "ನೀನು ಮಾಡಿದ್ದು ತಪ್ಪೇ. ಆದ್ರೆ ಆ ತಪ್ಪು ನಮ್ಮನೇದು. ಅದನ್ನ ಬೀದಿಗೆ ತಗೊಂಡು ಹೋಗಿ ಒಪ್ಪಿಸ್ಬೇಕಾಗಿಲ್ಲ" ಎಂದಳು.

ಮೀಟಿಂಗ್ ಕೆಳಗೆ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ. ಪ್ಲಾಸ್ಟಿಕ್ ಕುರ್ಚಿಗಳು, ಒಂದು ಟ್ಯೂಬ್‌ಲೈಟು. ಅಪ್ಪ ನನ್ನ ಕೈ ಹಿಡಿದಿದ್ದ. ಅಮ್ಮನೂ ಬಂದಳು. ಅಜ್ಜಿ ಎರಡನೇ ಮಹಡಿಯ ಕಿಟಕಿಯಲ್ಲಿ ಕಾಣುತ್ತಿದ್ದಳು. ನೀರಿನ ಟ್ಯಾಂಕರ್, ಲಿಫ್ಟಿನ ರಿಪೇರಿ ಎಲ್ಲ ಮುಗಿದ ಮೇಲೆ ನನ್ನ ಸರದಿ. ಸೆಕ್ರೆಟರಿ ಅಂಕಲ್ ಪ್ರೀತಿಯಿಂದಲೇ "ಬೋಲೋ ಬೇಟಾ" ಎಂದರು. ಹಪ್ಪಳದ ಹೆಂಗಸರು ಮುಂದಿನ ಸಾಲಿನಲ್ಲಿದ್ದರು. ಅವರ ಕಡೆ ತಿರುಗಿ ನಾನು ಹೇಳಿದೆ:

"ಪಾಪಡ್ ಕೇ ಲಿಯೇ ಸಾರಿ, ಆಂಟೀ. ದಿಲ್ ಕೇ ಲಿಯೇ ನಹೀ."

ಹಪ್ಪಳಕ್ಕೆ ಸಾರಿ, ಹೃದಯಕ್ಕಲ್ಲ ಎಂದದ್ದಕ್ಕೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸೆಕ್ರೆಟರಿ ಅಂಕಲ್ ನಗಲಿಲ್ಲ. ಇನ್ನೊಮ್ಮೆ ಸರಿಯಾಗಿ ಹೇಳು ಎಂದರು. ಇನ್ನೊಮ್ಮೆ ಅದನ್ನೇ ಹೇಳಿದೆ, ಸ್ವಲ್ಪ ಜೋರಾಗಿ, ಎರಡನೇ ಮಹಡಿಗೆ ಕೇಳುವಷ್ಟು. ಅಪ್ಪ ನನ್ನ ಕೈ ಬಿಡುತ್ತಾನೆ ಎಂದುಕೊಂಡೆ. ಬಿಡಲಿಲ್ಲ. ಇನ್ನೂ ಬಿಗಿಯಾಗಿ ಹಿಡಿದು ಮೆಟ್ಟಿಲ ಕಡೆಗೆ ನಡೆದ.

ಕರಾರು ಮುಂದುವರಿಯಲಿಲ್ಲ. ನಾವು ಕಾಂದಿವಲಿಗೆ ಹೋದೆವು, ಇಂಡಸ್ಟ್ರಿಯಲ್ ಎಸ್ಟೇಟಿನ ಬೆನ್ನಿಗಿದ್ದ ಹಳೆಯ ಬಿಲ್ಡಿಂಗಿಗೆ. ಒಂದೇ ಕೋಣೆ, ಅದರಲ್ಲೇ ಪರದೆ ಕಟ್ಟಿದರೆ ಅಡಿಗೆಮನೆ. ಹಗಲೆಲ್ಲ ಯಂತ್ರಗಳ ಸದ್ದು. ಕೆಳಗಿನ ಮನೆಯವಳು ಮೀನು ಮಾರುವವಳು, ಅವಳ ಬುಟ್ಟಿಯ ವಾಸನೆ ಮೆಟ್ಟಿಲು ಹತ್ತಿ ನಮಗಿಂತ ಮುಂಚೆ ಮನೆ ಸೇರುತ್ತಿತ್ತು. ಆ ಮನೆಯಲ್ಲಿ ಗಳು ಕಟ್ಟಲು ಜಾಗವಿರಲಿಲ್ಲ. ಅಜ್ಜಿಯ ಮಡಿಸೀರೆ ಒಣಗುವುದು ಎಲ್ಲಿ? ಅಪ್ಪನಿಗೆ ದಾದರ್‌ಗೆ ಹೋಗಲು ಲೈನೇ ಬದಲಾಯಿತು. ಗಟಾರದಾಚೆಯ ಕನ್ನಡವೂ ಹೋಯಿತು. ಹೊರಡುವ ದಿನ ಅಜ್ಜಿ ಖಾಜಾ ಚಾಚಾನ ಅಂಗಡಿಯ ಎದುರು ನಿಂತು, ಸೆರಗನ್ನು ಮೂಗಿನಿಂದ ತೆಗೆದು, "ಬರ್ತೀನಪ್ಪ" ಎಂದದ್ದನ್ನು ಮಾತ್ರ ನೋಡಿದೆ. ಹೃದಯ ಎಲ್ಲಿಂದ ಬಂತೆಂದು ಅವಳು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ನನ್ನಿಂದ ಮನೆ ಹೋಯಿತು ಎಂದು ನೆಂಟರು ಈಗಲೂ ಅನ್ನುತ್ತಾರೆ. ಹೌದು, ಹೋಯಿತು. ಆ ಎರಡು ಮಾತು ಆಡಿ ಉಳಿಸಿಕೊಂಡಿದ್ದರೆ ಆ ಮನೆಯಲ್ಲಿ ನಾನು ಯಾರಾಗಿ ಬೆಳೆಯುತ್ತಿದ್ದೆ ಎಂದು ಅವರನ್ನು ಕೇಳಿದರೆ ಮಾತು ಬದಲಿಸುತ್ತಾರೆ.

ಹೊಸ ಮನೆಯಲ್ಲಿ ಹಾಲುಕ್ಕಿಸಿದ ದಿನ ಅಪ್ಪ ಮಾರ್ಕೆಟ್ಟಿನಿಂದ ಒಂದು ಇಡೀ ಕುಂಬಳಕಾಯಿ ತಂದ. ಸಾಮಾನು ಇನ್ನೂ ಗೋಣಿಚೀಲಗಳಲ್ಲಿತ್ತು. ಅಮ್ಮ ಸ್ಟೋವ್ ಹಚ್ಚುತ್ತಿದ್ದಳು. ಅಜ್ಜಿ ಪರದೆಯ ಆಚೆ, ಅಡಿಗೆಮನೆ ಎಂದು ಕರೆಯಬೇಕಾದ ಆ ಮೂಲೆಯಲ್ಲಿ ಕೂತು, ಕುಂಬಳಕಾಯಿಯನ್ನು ಮುಂ‌ದೆ ಇಟ್ಟುಕೊಂಡಿದ್ದಳು. ಅಪ್ಪ ಅಭ್ಯಾಸದಂತೆ ಶರ್ಟಿನ ತೋಳು ಮಡಚಿ ಕತ್ತಿಗೆ ಕೈ ಚಾಚಿದ. ಅಜ್ಜಿ ಕತ್ತಿಯನ್ನು ಅವನಿಗೆ ಕೊಡಲಿಲ್ಲ.

"ನೀನು ಇರು" ಎಂದಳು. "ವಸೂ, ಬಾ ಇಲ್ಲಿ."

ನಾನು ಪರದೆಯ ಹತ್ತಿರ ನಿಂತೆ, ಅಭ್ಯಾಸದಂತೆ ಆಚೆಯೇ.

"ಒಳಗೆ ಬಾ."

ಒಳಗೆ ಹೋದೆ. ಅವಳು ಉಟ್ಟಿದ್ದು ಮಡಿಸೀರೆಯೇ, ನನ್ನ ಲಂಗ ಅದಕ್ಕೆ ತಾಗಿತು. ಅವಳು ಸೀರೆಯನ್ನು ಎಳೆದುಕೊಳ್ಳಲಿಲ್ಲ. ಕತ್ತಿಯ ಹಿಡಿಯನ್ನು ನನ್ನ ಕಡೆಗೆ ತಿರುಗಿಸಿ ಕೊಟ್ಟಳು. ಕುಂಬಳಕಾಯಿ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಪ್ಪ ಗೋಡೆಯ ಕಡೆ ಮುಖ ತಿರುಗಿಸದೆ ನೋಡುತ್ತಾ ನಿಂತಿದ್ದ.

"ಹೆಚ್ಚಲಾ ಅಜ್ಜಿ?"

"ಹೆಚ್ಚೋದಲ್ಲ" ಎಂದಳು ಅಜ್ಜಿ. "ಕೊಯ್ಯಿ."